ಒಮ್ಮೆ ಕಟ್ಟಿದ ಜಾಬ್ ಮುಗಿದೇ ಇಳಿಯಬೇಕು

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆ ಕೊಳವೆಬಾವಿಯಿಂದ ಎತ್ತಿದ ಸಬ್‌ಮರ್ಸಿಬಲ್ ಪಂಪನ್ನು ಬಿಚ್ಚಿ ಹರವಿದಾಗ ಎಲ್ಲರ ಕಣ್ಣೂ ಮೋಟಾರಿನ ಮೇಲೇ ಇರುತ್ತದೆ. ಪಕ್ಕದಲ್ಲಿ ಬಿದ್ದಿರುವ ಉಕ್ಕಿನ ಶಾಫ್ಟನ್ನೂ ಒಮ್ಮೆ ಕೈಗೆತ್ತಿಕೊಂಡು ನೋಡಬೇಕು. ಹೆಬ್ಬೆರಳಿನಷ್ಟು ದಪ್ಪ, ಅದಕ್ಕೆ ತಕ್ಕುದಲ್ಲದ ಉದ್ದ. ಇಂಪೆಲ್ಲರ್‌ಗಳು ಸಾಲಾಗಿ ಕೂರುವುದು ಇದರ ಮೇಲೆ. ನೀರು ಆಳಕ್ಕೆ ಇಳಿದಷ್ಟೂ ಪಂಪಿಗೆ ಸ್ಟೇಜ್, ಅಂದರೆ ಇಂಪೆಲ್ಲರ್ ಹಂತಗಳು, ಹೆಚ್ಚು; ಸ್ಟೇಜ್ ಹೆಚ್ಚಿದಷ್ಟೂ ಶಾಫ್ಟ್ ಉದ್ದ. ನಿಮಿಷಕ್ಕೆ 2,800ಕ್ಕೂ ಹೆಚ್ಚು ಸುತ್ತು ತಿರುಗುವ ಈ ಕಡ್ಡಿ ಚೂರು ಸೊಟ್ಟಗಿದ್ದರೂ ಬುಷ್ ಸವೆದು ಪಂಪ್ ಮತ್ತೆ ಮೇಲೆ ಬರುತ್ತದೆ.

ಯಂತ್ರಕ್ಕೆ ಕಟ್ಟುವ ತುಂಡಿಗೆ ಜಾಬ್ ಎನ್ನುತ್ತಾರೆ. ಉದ್ದನೆಯ ಜಾಬ್ ಎಂದರೆ ಲೇತ್ ಕೆಲಸದವರು ಇಂದಿಗೂ ಒಂದು ಕ್ಷಣ ಯೋಚಿಸುತ್ತಾರೆ. ಕಡೆಯುವ ಕೆಲಸ ಈ ಸೀಮೆಗೆ ಹೊಸದಲ್ಲ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು, ತಿರುಗುತ್ತಿರುವಾಗಲೇ ಉಳಿ ಹಿಡಿದು ಆಕಾರ ಕೊಟ್ಟು, ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚಿ, ತಾಳೆಗರಿಯಿಂದ ಹೊಳಪು ತರುತ್ತಾರೆ. ಉಜ್ಜುವಾಗ ಹುಟ್ಟುವ ಕಾವಿಗೇ ಅರಗು ಕರಗುತ್ತದೆ. ತುಂಡನ್ನು ಒಮ್ಮೆ ಕಟ್ಟಿದರೆ ಆಕಾರ, ಬಣ್ಣ, ಹೊಳಪು ಮೂರೂ ಮುಗಿದ ಮೇಲೆಯೇ ಇಳಿಸುವುದು. ಆದರೆ ಬೊಂಬೆಯ ತುಂಡು ಗಿಡ್ಡ, ಮರ ಮೆದು. ಇದೇ ಪದ್ಧತಿಯನ್ನು ಎರಡು ಮೀಟರ್ ಉದ್ದದ ಉಕ್ಕಿಗೆ ತರಲು ಎಂಜಿನಿಯರುಗಳು ಬಹುಕಾಲ ಹೆಣಗಬೇಕಾಯಿತು.

ಕಷ್ಟವೇನೆಂದರೆ, ಟೂಲ್ ಒತ್ತಿದಾಗ ಕಡ್ಡಿ ಬಾಗುತ್ತದೆ. ದಪ್ಪ ಅಷ್ಟೇ ಇದ್ದು ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟಾಗುತ್ತದೆ. ಉದ್ದ ಅಷ್ಟೇ ಇದ್ದು ದಪ್ಪ ಅರ್ಧವಾದರೆ ಬಾಗು ಹದಿನಾರು ಪಟ್ಟು. ಎರಡು ಸೆಂಟರ್‌ಗಳ ನಡುವೆ ಹಿಡಿದ ಶಾಫ್ಟ್ ತುದಿಗಳಲ್ಲಿ ಸರಿಯಾಗಿ ಹೆರೆದು ಬರುತ್ತದೆ, ನಡುವೆ ಟೂಲಿನಿಂದ ಸರಿದು ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ನಡು ದಪ್ಪ ಉಳಿಯುತ್ತದೆ. ಜೊತೆಗೆ ಚಾಟರ್, ಅಂದರೆ ನಡುಕ, ಹೊಡೆದರೆ ಮೈಯೆಲ್ಲ ಅಲೆ ಅಲೆ ಗುರುತು. ಅದಕ್ಕೇ ನಡುವೆ ಸ್ಟೆಡಿ ಕಟ್ಟುತ್ತಾರೆ: ಮೂರು ಕಡೆಯಿಂದ ಶಾಫ್ಟನ್ನು ತಬ್ಬಿ, ತಿರುಗಲು ಮಾತ್ರ ಬಿಡುವ ಆಧಾರ ಅದು.

ಕಾವಿನ ಕಾಟ ಬೇರೆ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 11ರಿಂದ 12 ಮೈಕ್ರಾನ್ ಬೆಳೆಯುತ್ತದೆ. ಎರಡು ಮೀಟರಿನ ಶಾಫ್ಟ್ ಹತ್ತು ಡಿಗ್ರಿ ಕಾದರೆ ಕಾಲು ಮಿಲಿಮೀಟರಿಗೆ ಹತ್ತಿರ. ಬೆಳೆದ ಉದ್ದಕ್ಕೆ ಎರಡೂ ಕಡೆ ದಾರಿ ಕಟ್ಟಿದ್ದರೆ ಶಾಫ್ಟ್ ಬಿಲ್ಲಾಗದೆ ಇನ್ನೇನು ಮಾಡೀತು? ಪಳಗಿದ ಟರ್ನರ್ ಒಂದು ಕಟ್ ಮುಗಿಸಿ, ಶಾಫ್ಟಿನ ಆಚೆ ತುದಿ ಹಿಡಿದಿರುವ ಟೇಲ್‌ಸ್ಟಾಕಿನ ಚಕ್ರವನ್ನು ತುಸು ಸಡಿಲಿಸಿ ಮತ್ತೆ ಮೆಲ್ಲಗೆ ಮುಟ್ಟಿಸುತ್ತಾನೆ. ಹೊರಗಿನವರಿಗೆ ಅದು ಸುಮ್ಮನೆ ಕೈಯಾಡಿಸಿದಂತೆ ಕಾಣುತ್ತದೆ. ನನಗೆ ಲೇತ್ ಕೆಲಸದಲ್ಲಿ ಅತ್ಯಂತ ಗೌರವ ಹುಟ್ಟಿಸುವುದು ಆ ಸಣ್ಣ ಸಡಿಲಿಕೆಯೇ.

ಹಳೆಯ ಕ್ರಮದಲ್ಲಿ ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ಟರ್ನಿಂಗ್ ಆದ ಜಾಬನ್ನು ಇಳಿಸಿ ಮಿಲ್ಲಿಂಗ್ ಯಂತ್ರಕ್ಕೆ ಒಯ್ದು ಕೀ ಕೂರುವ ಗಾಡಿ, ಅಂದರೆ ಕೀ ವೇ, ಹೊಡೆಯಬೇಕು. ಅಲ್ಲಿಂದ ಇಳಿಸಿ ಡ್ರಿಲ್ಲಿಂಗಿಗೆ. ಪ್ರತಿ ಸಲ ಕಟ್ಟಿದಾಗಲೂ ಡಯಲ್ ಹಾಕಿ ಸೆಂಟರ್ ಹುಡುಕಬೇಕು, ಪ್ರತಿ ಸಲವೂ ಒಂದಿಷ್ಟು ಮೈಕ್ರಾನ್ ತಪ್ಪುತ್ತದೆ. ಕ್ರೇನಿನಲ್ಲಿ ಎತ್ತಬೇಕಾದ ಜಾಬಾದರೆ ಕತ್ತರಿಸುವುದಕ್ಕಿಂತ ಕಾಯುವುದಕ್ಕೇ ಹೆಚ್ಚು ಹೊತ್ತು.

ಟರ್ನ್-ಮಿಲ್ ಸೆಂಟರ್ ಈ ಅಲೆದಾಟವನ್ನೇ ತೆಗೆದುಹಾಕುತ್ತದೆ. ಮೂಲತಃ ಅದು ಲೇತೇ. ಆದರೆ ಅದರ ಸ್ಪಿಂಡಲ್ ಜಾಬನ್ನು ತಿರುಗಿಸುವುದಷ್ಟೇ ಅಲ್ಲ, ಹೇಳಿದ ಕೋನದಲ್ಲಿ ನಿಲ್ಲಿಸಿ ಬಿಗಿಹಿಡಿಯಲೂ ಬಲ್ಲದು. ಟೂಲ್ ಪೋಸ್ಟಿನ ಜಾಗದಲ್ಲಿ ಓರೆಯಾಗಿ ಬಾಗಬಲ್ಲ ಮಿಲ್ಲಿಂಗ್ ಹೆಡ್ ಇರುತ್ತದೆ. ಹೆಡ್ ತಿರುಗದಂತೆ ಲಾಕ್ ಮಾಡಿ ಟರ್ನಿಂಗ್ ಟೂಲ್ ಹಾಕಿದರೆ ಹೆರೆಯುತ್ತದೆ, ಲಾಕ್ ಬಿಡಿಸಿ ಕಟರ್ ಹಾಕಿದರೆ ಕೀ ವೇ ಹೊಡೆಯುತ್ತದೆ, ಡ್ರಿಲ್ ಹಾಕಿದರೆ ಯಾವ ಓರೆಯಲ್ಲಿ ಬೇಕಾದರೂ ತೂತು ಕೊರೆಯುತ್ತದೆ. ಶಾಫ್ಟಿನ ಹೊಟ್ಟೆಯೊಳಗೆ ಆಳವಾಗಿ ಕೊರೆಯುವಾಗ ಡ್ರಿಲ್ಲಿನ ಒಳಗಿಂದಲೇ ಒತ್ತಡದಲ್ಲಿ ಕೂಲಂಟ್ ನುಗ್ಗಿ ಚಿಪ್ಸನ್ನು ಹೊರದಬ್ಬುತ್ತದೆ. ಸ್ಟೆಡಿ ಪ್ರೋಗ್ರಾಮಿನಂತೆ ತಾನೇ ತೆರೆದು ಮುಚ್ಚುತ್ತದೆ. ಟೇಲ್‌ಸ್ಟಾಕ್ ಹೈಡ್ರಾಲಿಕ್ ಒತ್ತಡದಲ್ಲಿ ನಿಂತು, ಕಾದು ಬೆಳೆಯುವ ಶಾಫ್ಟಿಗೆ ತಾನೇ ಜಾಗ ಬಿಡುತ್ತದೆ.

ಟರ್ನ್-ಮಿಲ್ ಯಂತ್ರಗಳಲ್ಲೇ ವಿಶೇಷ ಹೆಸರು ಮಾಡಿರುವ ಕಂಪನಿ ಆಸ್ಟ್ರಿಯಾದ ಲಿಂಜ್ ನಗರದ ಡಬ್ಲ್ಯುಎಫ್‌ಎಲ್. ವಿಮಾನದ ಲ್ಯಾಂಡಿಂಗ್ ಗೇರ್, ದೊಡ್ಡ ಎಂಜಿನ್ನುಗಳ ಕ್ರ್ಯಾಂಕ್‌ಶಾಫ್ಟ್, ಪ್ಲಾಸ್ಟಿಕ್ ಯಂತ್ರಗಳ ಉದ್ದನೆಯ ಸ್ಕ್ರೂ ಇವೆಲ್ಲ ಇಂಥ ಯಂತ್ರಗಳ ಮೇಲೆ ತಯಾರಾಗುತ್ತವೆ. ಹತ್ತು ಮೀಟರಿಗೂ ಮೀರಿದ ಜಾಬ್ ಹಿಡಿಯುವ ಮಾದರಿಗಳೂ ಇವೆ. ಪಂಪಿನ ಶಾಫ್ಟಿಗೆ ಅಷ್ಟು ದೊಡ್ಡ ಯಂತ್ರ ಬೇಕಿಲ್ಲ ನಿಜ, ಬಾಗುವ ಸಂಕಟ ಮಾತ್ರ ಎರಡಕ್ಕೂ ಒಂದೇ.

ಕರ್ನಾಟಕದಲ್ಲಿ ಲೇತ್ ಕಟ್ಟುವ ವಿದ್ಯೆಗೆ ಹಳೆಯ ಬೇರುಗಳಿವೆ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹುಟ್ಟಿತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದೊಂದಿಗೆ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು. ಅದರ ಎನ್‌ಎಚ್-22, ಎನ್‌ಎಚ್-26 ಲೇತುಗಳು ಸೆಕೆಂಡ್ ಹ್ಯಾಂಡ್ ಆಗಿ ಕೈ ಬದಲಾಯಿಸುತ್ತ ಇನ್ನೂ ದುಡಿಯುತ್ತಿವೆ. ಯಂತ್ರೋಪಕರಣಗಳ ಸಂಶೋಧನೆಗೆಂದು 1962ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಸಿಎಂಟಿಐ ಆರಂಭವಾಯಿತು. ಇಂದು ಬೆಂಗಳೂರಿನ ಏಸ್ ಡಿಸೈನರ್ಸ್ ಸಿಎನ್‌ಸಿ ಲೇತಿನ ಜೊತೆ ಟರ್ನ್-ಮಿಲ್ ಯಂತ್ರಗಳನ್ನೂ ಮಾಡುತ್ತದೆ.

ಮಾಗಡಿ ಸೀಮೆಯಿಂದ ಬೆಂಗಳೂರಿಗೆ ಹೋಗುವ ರಸ್ತೆಯೇ ಸುಂಕದಕಟ್ಟೆ, ಕಾಮಾಕ್ಷಿಪಾಳ್ಯಗಳ ಸಣ್ಣ ಕಾರ್ಖಾನೆಗಳ ನಡುವೆ ಹಾಯುತ್ತದೆ. ಅತ್ತ ಪೀಣ್ಯವೂ ದೂರವಲ್ಲ. ಹಳ್ಳಿಯ ಹುಡುಗರು ಹೆಲ್ಪರಾಗಿ ಸೇರಿ, ನೋಡಿ ನೋಡಿ ಆಪರೇಟರಾದದ್ದು ಈ ರಸ್ತೆಯ ಶೆಡ್ಡುಗಳಲ್ಲಿ. ಟರ್ನ್-ಮಿಲ್ ಹಾಗೆ ನೋಡಿ ಕಲಿಯುವುದಕ್ಕೆ ಒಗ್ಗುವುದಿಲ್ಲ. ತಿರುಗುವ ಚಕ್, ಬಾಗುವ ಹೆಡ್, ನಡುವೆ ಸ್ಟೆಡಿ ಇರುವ ಇಕ್ಕಟ್ಟಿನಲ್ಲಿ ಪ್ರೋಗ್ರಾಮಿನ ಒಂದು ಅಂಕಿ ತಪ್ಪಿದರೆ ಹೆಡ್ ಹೋಗಿ ಸ್ಟೆಡಿಗೆ ಗುದ್ದುತ್ತದೆ, ಲಕ್ಷಗಟ್ಟಲೆ ನಷ್ಟ. ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಶಿಸ್ತು ಬೇಕು, ಡ್ರಾಯಿಂಗ್ ಓದುವುದು ಬರಬೇಕು. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇದಕ್ಕೆ ಬೇಕಾದ ಬುನಾದಿ ಹಾಕಿಕೊಡುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಅದರ ಕೇಂದ್ರಗಳು ಮಾಗಡಿಯಲ್ಲೂ ಕನಕಪುರದಲ್ಲೂ ಇವೆ. ತಿಪ್ಪಸಂದ್ರದ ಪ್ರೌಢಶಾಲೆಗಳ ಮೇಷ್ಟ್ರುಗಳು ಹತ್ತನೇ ತರಗತಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಈ ವಿಷಯವನ್ನು ಒತ್ತಿ ಹೇಳಬೇಕೆಂಬುದು ನನ್ನ ಆಸೆ.

ಯಂತ್ರವನ್ನು ಕಣ್ಣಾರೆ ನೋಡುವ ಅವಕಾಶವೂ ಇದೆ. ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ಲೋಹ ಕತ್ತರಿಸುವ ಯಂತ್ರಗಳ ಇಮ್‌ಟೆಕ್ಸ್ ಮೇಳ 2023 ಮತ್ತು 2025ರ ಜನವರಿಯಲ್ಲಿ ನಡೆಯಿತು. 2024ರ ನವೆಂಬರಿನಿಂದ ಮೆಟ್ರೊ ಕೂಡ ಮಾದಾವರದವರೆಗೆ ಓಡುತ್ತಿದೆ. ಮೇಳಕ್ಕೆ ಹೋದವರು ಟೂಲ್ ಜೋಡಿಸಿಡುವ ಮ್ಯಾಗಜಿನ್‌ನಲ್ಲಿ ಎಷ್ಟು ಟೂಲ್ ಹಿಡಿಯುತ್ತವೆ ಎಂಬ ಲೆಕ್ಕಕ್ಕೇ ಮರುಳಾಗದೆ, ಸೆಂಟರ್‌ಗಳ ನಡುವಿನ ದೂರ ಎಷ್ಟು, ಸ್ಟೆಡಿ ಎಷ್ಟು ದಪ್ಪದವರೆಗೆ ಹಿಡಿಯುತ್ತದೆ, ಸ್ಟೆಡಿ ಇದ್ದಾಗ ಹೆಡ್ ಎಲ್ಲಿಯವರೆಗೆ ಹೋಗಬಲ್ಲದು ಎಂದು ಕೇಳಬೇಕು. ಉದ್ದನೆಯ ಜಾಬಿಗೆ ಯಂತ್ರ ಆಗುತ್ತದೋ ಇಲ್ಲವೋ ಎಂಬುದು ಆ ಮೂರು ಉತ್ತರಗಳಲ್ಲೇ ತಿಳಿಯುತ್ತದೆ.