ಹಕ್ಕಿಯ ಕಾಲಿನ ಉಂಗುರವೂ ಶ್ರೀಸಾಮಾನ್ಯನ ಕಾಗದವೂ

ಮುಂಬಯಿಯ ಫೋರ್ಟ್ ಭಾಗದಲ್ಲಿ, ಲಯನ್ ಗೇಟಿನ ಎದುರಿಗೆ, ಹಾರ್ನ್‌ಬಿಲ್ ಹೌಸ್ ಎಂಬ ಕಟ್ಟಡವೊಂದಿದೆ. ಆ ಸುತ್ತಿನ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮವರು ಅದರ ಮುಂದೆ ದಿನವೂ ಹಾದುಹೋಗುತ್ತಿರಬಹುದು. 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯಾಲಯ ಅಲ್ಲಿದೆ. ನಮ್ಮ ಮಲೆನಾಡಿನ ಒಂದು ರೋಗದ ಕಥೆಗೂ ಆ ಸಂಸ್ಥೆಗೂ ನಂಟುಂಟು. ವಿಜ್ಞಾನವೆಂಬುದು ಪಂಡಿತರ ಸೊತ್ತು, ಅದರಲ್ಲಿ ನಮ್ಮಂಥವರಿಗೇನು ಕೆಲಸ ಎನ್ನುವವರು ಈ ಕಥೆಯನ್ನು ಅವಶ್ಯವಾಗಿ ಕೇಳಬೇಕು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಅದೇ ವೇಳೆಗೆ, ಸೌದೆಗೆಂದೋ ದನ ಮೇಯಿಸಲೆಂದೋ ಕಾಡಿಗೆ ಹೋಗಿಬಂದ ಸುತ್ತಣ ಹಳ್ಳಿಗಳ ಜನ ತೀವ್ರವಾದ ಜ್ವರ, ತಲೆನೋವು, ಮೈಕೈನೋವುಗಳಿಂದ ಹಾಸಿಗೆ ಹಿಡಿದರು. ಕೆಲವರು ಮತ್ತೆ ಏಳಲಿಲ್ಲ. ಈ ಎರಡು ಸಂಗತಿಗಳನ್ನು ಒಂದಕ್ಕೊಂದು ಕೂಡಿಸಿ ನೋಡಿದ ಹಳ್ಳಿಗರು ಇದನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ಇಂದಿಗೂ ಕನ್ನಡನಾಡಿನಲ್ಲಿ ಅದೇ ಹೆಸರು ಬಳಕೆಯಲ್ಲಿದೆ.

ಮಂಗಗಳ ಸಾವಿನ ಸುದ್ದಿ ಮುಟ್ಟಿದೊಡನೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಚಿಂತಾಕ್ರಾಂತರಾದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರಕ್ಕೂ ಮಂಗಗಳು ಹೀಗೆಯೇ ಬಲಿಯಾಗುತ್ತವೆ. ಭಾರತವು ಕಂಡರಿಯದ ಆ ಪಿಡುಗು ಇಲ್ಲಿಗೂ ಬಂದಿತೆ ಎಂಬುದು ಅವರ ಭಯವಾಗಿತ್ತು. ಪರೀಕ್ಷಿಸಿ ನೋಡಲು, ರಕ್ತ ಹೀರುವ ಉಣುಗುಗಳ ಕಡಿತದಿಂದ ಹರಡುವ ಹೊಸದೊಂದು ವೈರಸ್ ಇದೆಂದು ತಿಳಿದುಬಂದಿತು. ಆದರೆ ಅದು ರಷ್ಯದ ಕಾಡುಗಳಲ್ಲಿ ಮಿದುಳು ಜ್ವರವನ್ನುಂಟುಮಾಡುವ ವೈರಸ್ಸನ್ನು ಹೋಲುತ್ತಿತ್ತು. ರಷ್ಯವೆಲ್ಲಿ, ಸೊರಬವೆಲ್ಲಿ? ಚಳಿಗಾಲದಲ್ಲಿ ಉತ್ತರದಿಂದ ಬರುವ ವಲಸೆ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೆ?

ಉತ್ತರ ಬೇಕಾದರೆ ಹಕ್ಕಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆಂಬುದನ್ನು ಮೊದಲು ಅರಿಯಬೇಕು. ಅದಕ್ಕೊಂದು ಉಪಾಯವನ್ನು 1899ರಲ್ಲಿ ಡೆನ್ಮಾರ್ಕಿನ ಶಾಲಾ ಉಪಾಧ್ಯಾಯ ಮಾರ್ಟೆನ್‌ಸೆನ್ ಎಂಬವರು ತೋರಿಸಿಕೊಟ್ಟಿದ್ದರು. ಹಕ್ಕಿಯನ್ನು ಹಿಡಿದು, ಕಾಲಿಗೆ ಅಂಕಿ ಕೊರೆದ ಹಗುರವಾದ ಅಲ್ಯೂಮಿನಿಯಂ ಉಂಗುರವನ್ನು ತೊಡಿಸಿ ಹಾರಿಬಿಡುವುದು, ಅಷ್ಟೆ. ವಿಶ್ವವಿದ್ಯಾಲಯದ ಪದವಿಯಿಲ್ಲದೆಯೂ ಪಕ್ಷಿಶಾಸ್ತ್ರದಲ್ಲಿ ಲೋಕವಿಖ್ಯಾತರಾದ ಸಲೀಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ಸೊಸೈಟಿಯು 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಇದೇ ಕಾರ್ಯವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಸೊಸೈಟಿಗೆ ತಿಳಿಸಿರಿ ಎಂಬ ಒಕ್ಕಣೆ ಉಂಗುರದ ಮೇಲಿತ್ತು.

ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಉಂಗುರ ತೊಡಿಸುವ ವಿಜ್ಞಾನಿಯ ಕೆಲಸ ಹಕ್ಕಿ ಕೈಬಿಟ್ಟೊಡನೆ ಅರ್ಧಕ್ಕೆ ನಿಲ್ಲುತ್ತದೆ. ಮುಂದೆ ಯಾವುದೋ ಕೆರೆಯಂಚಿನಲ್ಲಿ, ಯಾವುದೋ ಹೊಲದಲ್ಲಿ ಆ ಹಕ್ಕಿಯನ್ನು ಕಂಡ ಬೇಟೆಗಾರನೋ ರೈತನೋ ಉಂಗುರದ ಅಂಕಿಯನ್ನೂ ಸ್ಥಳವನ್ನೂ ದಿನಾಂಕವನ್ನೂ ಬರೆದು ತಿಳಿಸಿದರೆ ಉಳಿದರ್ಧ ಪೂರ್ಣವಾಗುತ್ತದೆ. ತೊಡಿಸಿದ ಉಂಗುರಗಳಲ್ಲಿ ಹೀಗೆ ವರ್ತಮಾನ ಬರುವುದು ಬಹು ಸ್ವಲ್ಪಕ್ಕೆ ಮಾತ್ರ. ಆದುದರಿಂದ ಬಂದ ಒಂದೊಂದು ಕಾಗದವೂ ಅಮೂಲ್ಯ. ಭಾರತದಲ್ಲಿ ಉಂಗುರ ತೊಟ್ಟ ಹಕ್ಕಿಗಳು ಸೈಬೀರಿಯದಂಥ ದೂರದೇಶದಲ್ಲಿ ಸಿಕ್ಕಿದ ಸುದ್ದಿ ಹೀಗೆಯೇ ತಲುಪಿ, ಹಕ್ಕಿಗಳ ಹಾದಿ ಭೂಪಟದ ಮೇಲೆ ಮೂಡಿತು.

ಹಾಗಾದರೆ ರೋಗವನ್ನು ತಂದದ್ದು ಹಕ್ಕಿಗಳೆ? ಅದಕ್ಕೆ ಆಧಾರ ದೊರೆಯಲಿಲ್ಲ. ವೈರಸ್ ಮಲೆನಾಡಿನ ಕಾಡಿನೊಳಗೇ ಮೊದಲಿನಿಂದ ಇದ್ದಿತು, ಜನರೂ ದನಗಳೂ ಕಾಡನ್ನು ಹೊಕ್ಕಂತೆ ಅದು ಊರಿಗೆ ಹಬ್ಬಿತು ಎಂಬುದೇ ವಿಜ್ಞಾನಿಗಳ ಒಲವು. ಪಟ್ಟ ಶ್ರಮ ವ್ಯರ್ಥವಾಯಿತೆಂದು ಯಾರೂ ಭಾವಿಸಬಾರದು. ತಪ್ಪು ದಾರಿ ಯಾವುದೆಂದು ತಿಳಿದ ಮೇಲೆ ಸರಿಯಾದ ದಾರಿಯನ್ನು ಹುಡುಕುವುದು ಸುಲಭ. ಹಕ್ಕಿಗಳ ವಿಷಯದಲ್ಲಂತೂ ಅದರಿಂದ ದೊರೆತ ತಿಳಿವಳಿಕೆ ಶಾಶ್ವತವಾಗಿ ಉಳಿಯಿತು.

ಇಂದು ಕಾಗದದ ಸ್ಥಾನವನ್ನು ಮೊಬೈಲ್ ಫೋನು ಪಡೆದಿದೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಗೆ ಸುಮಾರು 30,000 ಪಕ್ಷಿವೀಕ್ಷಕರು ದಾಖಲಿಸಿದ 3 ಕೋಟಿ ವೀಕ್ಷಣೆಗಳೇ ಆಧಾರ. ಅಷ್ಟು ಕಣ್ಣುಗಳನ್ನು ಸಂಬಳ ಕೊಟ್ಟು ನೇಮಿಸಿಕೊಳ್ಳಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಇದಕ್ಕೆ ಬೇಕಾದ ಗುಣಗಳೂ ನಮ್ಮವರಿಗೆ ಹೊಸವಲ್ಲ. ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಪೈಸೆ ತಪ್ಪದಂತೆ ಬರೆಯುವವರೂ ಕಚೇರಿಯ ಕಡತವನ್ನು ದಿನಾಂಕ ತಪ್ಪದಂತೆ ಇಡುವವರೂ ಕಂಡದ್ದನ್ನು ಕಂಡಂತೆ ಬರೆಯಬಲ್ಲರು. ಕಾಣದಿದ್ದುದನ್ನು ಕಾಣಲಿಲ್ಲವೆಂದೂ ಬರೆಯಬಲ್ಲರು.

ಮಂಗನ ಕಾಯಿಲೆ ಇನ್ನೂ ತೊಲಗಿಲ್ಲ. ಈಚಿನ ವರ್ಷಗಳಲ್ಲಿ ಅದು ಕೇರಳ, ಗೋವ, ಮಹಾರಾಷ್ಟ್ರಗಳಲ್ಲಿಯೂ ಕಾಣಿಸಿಕೊಂಡಿದೆ. ಸತ್ತ ಮಂಗವೇ ಇಂದಿಗೂ ಅದರ ಮೊದಲ ಮುನ್ಸೂಚನೆ. ರಜೆಯಲ್ಲಿ ಊರಿಗೆ ಹೋದಾಗ ಕಾಡಿನ ಅಂಚಿನಲ್ಲಿ ಅಂಥದನ್ನು ಕಂಡರೆ ಮುಟ್ಟಬೇಡಿರಿ. ಆದರೆ ಸುಮ್ಮನೆ ಮುಂದೆ ಹೋಗಲೂ ಬೇಡಿರಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಸ್ಥಳವನ್ನೂ ದಿನವನ್ನೂ ತಿಳಿಸಿರಿ. ಅಷ್ಟರಿಂದಲೇ ಒಂದು ಹಳ್ಳಿಯ ಜನ ಎಚ್ಚರಗೊಂಡು ಬದುಕಿಕೊಂಡಾರು.