ಹಳೆಯ ಯೆಜ್ಡಿಗೆ ಮರುಜೀವ: ಕೊಳ್ಳುವವರ ವಿವೇಕ, ಮಾರುವವರ ಧರ್ಮ

ಬಳೆಯ ಮಲಾರ ಹೊತ್ತು ಊರೂರು ಸುತ್ತಿದ ತಾತಯ್ಯನವರ ಕೈವಾರದಲ್ಲಿ ದಾರಿ ಎಂಬುದು ಬದುಕಿನ ಒಂದು ಅಂಗವೇ ಆಗಿದೆ. ಚಿಂತಾಮಣಿಯ ಸಂತೆಗೆ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ, ಹೊಸಕೋಟೆಯ ಮಾರ್ಗವಾಗಿ ಬೆಂಗಳೂರಿಗೆ ಜನರ ಓಡಾಟ ನಿಲ್ಲುವುದಿಲ್ಲ. ಈಚೆಗೆ ನಮ್ಮ ಯುವಕರಲ್ಲಿ ಕೆಲವರು ಹಳೆಯ ಮೋಟಾರ್ ಸೈಕಲ್ ಒಂದನ್ನು ಕೊಂಡು, ದುರಸ್ತಿಪಡಿಸಿ, ದೂರದ ಪ್ರಯಾಣ ಹೊರಡುವ ಹಂಬಲ ತೋರುತ್ತಿದ್ದಾರೆ. ಹೆತ್ತವರಿಗೋ ಆತಂಕ. “ಗುಜರಿಗೆ ಹಾಕುವ ಗಾಡಿಗೆ ಇಷ್ಟೊಂದು ದುಡ್ಡೇ? ನೀವಾದರೂ ಬುದ್ಧಿ ಹೇಳಿ ಸ್ವಾಮಿ” ಎಂದು ನಮ್ಮ ಬಳಿ ಬರುವವರಿದ್ದಾರೆ. ಆತಂಕವೂ ನಿರಾಧಾರವಲ್ಲ, ಹಂಬಲವೂ ದೋಷವಲ್ಲ. ಎರಡನ್ನೂ ತೂಗಿ ನೋಡುವುದು ಒಳಿತೆಂದು ನಾವು ಭಾವಿಸುತ್ತೇವೆ.

ಇಂಥ ಯುವಕರ ಕಣ್ಣು ಹೆಚ್ಚಾಗಿ ಬೀಳುವುದು ನಮ್ಮ ನಾಡಿನದೇ ಆದ ಯೆಜ್ಡಿಯ ಮೇಲೆ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿದರು. ಜೆಕ್ ದೇಶದ ಜಾವಾ ಕಂಪನಿಯ ಪರವಾನಗಿಯಿಂದ 250 ಸಿ.ಸಿ. ವಾಹನಗಳ ತಯಾರಿಕೆ ಆರಂಭವಾಯಿತು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ರಸ್ತೆಗಿಳಿಯಿತು. ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವ ನಾಲ್ಕು ಸ್ಟ್ರೋಕಿನ ಬೈಕುಗಳು 1985ರಿಂದ ಜನಪ್ರಿಯವಾದವು, ಹೊಗೆಯ ಕುರಿತ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಅದೇ ಹೆಸರಿನ ಹೊಸ ವಾಹನಗಳು 2022ರಲ್ಲಿ ಬಂದಿವೆಯಾದರೂ ಅವು ಬೇರೆಯೇ ಯಂತ್ರಗಳು. ಆದುದರಿಂದ ಮೈಸೂರಿನ ಯೆಜ್ಡಿಯನ್ನು ಕೊಳ್ಳುವವರು ಮೂವತ್ತು ವರ್ಷಕ್ಕೆ ಸಮೀಪವಾದ ಅಥವಾ ಅದನ್ನೂ ಮೀರಿದ ವಾಹನವನ್ನು ಕೊಳ್ಳುತ್ತಾರೆ ಎಂಬುದನ್ನು ಮರೆಯಬಾರದು.

ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ಕಾಗದವನ್ನು. ನಮ್ಮ ಕಾನೂನಿನಂತೆ ದ್ವಿಚಕ್ರ ವಾಹನದ ನೋಂದಣಿ 15 ವರ್ಷಗಳವರೆಗೆ ಮಾತ್ರ ಊರ್ಜಿತ. ಅನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣವಾಗದ ಯೆಜ್ಡಿಗಳೆಲ್ಲದರ ನೋಂದಣಿಯೂ ಎಂದೋ ಮುಗಿದಿದೆ. ಆರ್.ಸಿ. ಪುಸ್ತಕದಲ್ಲಿರುವ ಇಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಲೋಹದ ಮೇಲೆ ಒತ್ತಿದ ಸಂಖ್ಯೆಗಳಿಗೆ ಅಕ್ಷರಶಃ ಹೊಂದಬೇಕು. ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿಯಾಗಿ, ಅವು ಆರ್.ಟಿ.ಓ. ಕಚೇರಿಗೆ ತಲುಪಬೇಕು. ಇದು ಕೊಳ್ಳುವವರ ಹಿತಕ್ಕೆ ಮಾತ್ರವಲ್ಲ. ವಾಹನವನ್ನು ಮಾರಿದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಅಪ್ಪನ ಕಾಲದ ಗಾಡಿಯನ್ನು ಬಾಯಿಮಾತಿನಲ್ಲಿ ಕೊಟ್ಟು ಸುಮ್ಮನಿರುವ ಕುಟುಂಬಗಳು ಇದನ್ನು ಗಮನಿಸಲಿ.

ಇನ್ನು ಯಂತ್ರದ ವಿಚಾರ. ಯೆಜ್ಡಿಯದು ಎರಡು ಸ್ಟ್ರೋಕಿನ ಇಂಜಿನ್. ಪೆಟ್ರೋಲಿಗೆ ಬೆರೆಸಿದ ಆಯಿಲೇ ಅದರ ಒಳಭಾಗಗಳಿಗೆ ಜಿಡ್ಡು ಒದಗಿಸುತ್ತದೆ. ಸ್ವಲ್ಪ ಹೊಗೆ ಸಹಜ. ಆದರೆ ಬಿಸಿಯಾದ ಮೇಲೂ ದಟ್ಟ ಹೊಗೆ ನಿಲ್ಲದೆ, ಗೇರ್‌ಬಾಕ್ಸಿನ ಆಯಿಲೂ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಸೀಲು ಸವೆದು, ಆ ಆಯಿಲು ಇಂಜಿನ್ನಿಗೆ ಎಳೆಯಲ್ಪಡುತ್ತಿದೆಯೆಂದು ಶಂಕಿಸಬೇಕು. ಸೈಲೆನ್ಸರಿನಲ್ಲಿ ಮಸಿ ಕಟ್ಟಿದ್ದರೆ ಎಳೆತ ಕುಂದುತ್ತದೆ. ಟ್ಯಾಂಕಿನೊಳಗಿನ ತುಕ್ಕು ಕಾರ್ಬೊರೇಟರಿಗೆ ಇಳಿಯುತ್ತದೆ. ಸಿಲಿಂಡರ್ ಬೋರು ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದರೆ ಮೊದಲ ಕೆಲವು ನೂರು ಕಿ.ಮೀ. ಮೆಲ್ಲಗೆ ಓಡಿಸಬೇಕು.

ಈಗ ಧರ್ಮದ ಪ್ರಶ್ನೆ. ಮಾರುವವರು ತಮ್ಮ ವಸ್ತುವಿನ ದೋಷವನ್ನು ತಾವೇ ಹೇಳಬೇಕೇ? ಹದಿಮೂರನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಇದನ್ನೇ ವಿಚಾರಿಸಿದ್ದಾರೆ. ಕುದುರೆಗೆ ಒಂದೇ ಕಣ್ಣಿದ್ದರೆ ಅದು ಎದುರಿಗೇ ಕಾಣುತ್ತದೆ. ಬೆಲೆಯನ್ನು ತಕ್ಕಷ್ಟು ಇಳಿಸಿದರೆ ಬಾಯಿಬಿಟ್ಟು ಹೇಳದಿದ್ದರೂ ಸಲ್ಲುತ್ತದೆ. ಆದರೆ ಕೊಳ್ಳುವವರಿಗೆ ನಷ್ಟವನ್ನೋ ಅಪಾಯವನ್ನೋ ತರುವ ಗುಪ್ತ ದೋಷವನ್ನು ಮುಚ್ಚಿಡುವುದು ಅನ್ಯಾಯವೆಂಬುದು ಅವರ ನಿರ್ಣಯ. ಹರಿದ ಸೀಟು, ಒಡೆದ ಹೆಡ್‌ಲೈಟು ಒಂಟಿಗಣ್ಣಿನ ಕುದುರೆಯಂತೆ. ಬಿರುಕು ಬಿಟ್ಟ ಫ್ರೇಮನ್ನು ಬೆಸೆದು ಮೇಲೆ ಬಣ್ಣ ಬಳಿಯುವುದು ಮಾತ್ರ ಗುಪ್ತ ದೋಷ. ಅದನ್ನು ಮರೆಮಾಚಿ ಪಡೆದ ಹಣದಲ್ಲಿ ಇನ್ನೊಂದು ಮನೆಯ ಮಗನ ಪ್ರಾಣವೂ ಸೇರಿದೆ.

ದುರಸ್ತಿಗೆ ಕೈಹಾಕಿದವರನ್ನು ಇನ್ನೊಂದು ಸಂದೇಹ ಕಾಡುತ್ತದೆ. ಅಥೆನ್ಸಿನವರು ಥೀಸಿಯಸ್‌ನ ಹಡಗಿನ ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದಾಗ, ಅದು ಅದೇ ಹಡಗೇ ಅಥವಾ ಬೇರೆಯೇ ಎಂದು ತತ್ತ್ವಜ್ಞಾನಿಗಳು ವಾದಿಸಿದರೆಂದು ಪ್ಲುಟಾರ್ಕ್ ತಿಳಿಸುತ್ತಾನೆ. ಗುಜರಿ ಅಂಗಡಿಗಳಿಂದ ಒಂದೊಂದೇ ಭಾಗ ತಂದು ಜೋಡಿಸಿದ ಬೈಕು ಮೂಲ ಯೆಜ್ಡಿಯೇ? ಸರ್ಕಾರದ ಉತ್ತರ ಸರಳ: ಚಾಸಿಸ್ ಸಂಖ್ಯೆ ಯಾವುದೋ ವಾಹನವೂ ಅದೇ. ಆದರೆ “ಎಲ್ಲವೂ ಮೂಲದ್ದೇ ಇರಬೇಕು” ಎಂಬ ಹಟ ಪ್ರಯಾಣಿಕರಿಗೆ ಸಲ್ಲದು. ಟ್ಯಾಂಕಿನ ಹಳೆಯ ಬಣ್ಣ, ಕಿಕ್ಕೂ ಗೇರೂ ಒಂದೇ ಆಗಿರುವ ಆ ಹೆಸರಾಂತ ಲಿವರು ಹಾಗೆಯೇ ಉಳಿಯಲಿ. ಬ್ರೇಕಿನ ಲೈನರು, ಟಯರು, ಟ್ಯೂಬು, ಕೇಬಲು, ಚೈನು, ಸವೆದ ಬೇರಿಂಗುಗಳು ಹೊಸದಾಗಲೇಬೇಕು. ಸ್ಮರಣೆಗೆ ಹಳೆಯದು ಬೇಕು, ಪ್ರಾಣಕ್ಕೆ ಗಟ್ಟಿಯಾದುದು ಬೇಕು.

ಹೊರಡುವ ಮುನ್ನ ಇನ್ನೊಂದು ಮಾತು. ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಬಹಳ ಹೊತ್ತು ಇಳಿದರೆ ಪೆಟ್ರೋಲಿನೊಡನೆ ಆಯಿಲೂ ಇಂಜಿನ್ನಿಗೆ ಸಾಲದಾಗುತ್ತದೆ. ಆಗಾಗ ಸ್ವಲ್ಪ ತೆರೆಯುತ್ತಿರಬೇಕು. ಎರಡು ಸ್ಟ್ರೋಕಿನ ಇಂಜಿನ್ನು ವೇಗವನ್ನು ಹೆಚ್ಚು ತಡೆಯದಿರುವುದರಿಂದ ಬ್ರೇಕಿನ ಮೇಲೆಯೇ ಭಾರವೆಲ್ಲ. ಮೊದಲ ಪ್ರಯಾಣ ಕೈವಾರದಿಂದ ಚಿಂತಾಮಣಿಯವರೆಗೆ ಸಾಕು. ಮರಳಿ ಬಂದು ನಟ್ಟುಗಳನ್ನೆಲ್ಲ ಬಿಗಿಗೊಳಿಸಿ, ಸೋರಿಕೆ ನೋಡಿ, ಅನಂತರ ದೂರದ ಮಾತು.

ಪ್ರಿಯ ತಂದೆತಾಯಂದಿರೇ, ತಿಂಗಳುಗಟ್ಟಲೆ ಕೈಗೆ ಗ್ರೀಸು ಮೆತ್ತಿಕೊಂಡು, ಕೆಟ್ಟುದನ್ನು ಎಸೆಯದೆ ಸರಿಪಡಿಸಲು ಕುಳಿತ ಮಗನು ತಾಳ್ಮೆಯನ್ನು ಕಲಿಯುತ್ತಿದ್ದಾನೆ. ಅವನನ್ನು ಬೈಯುವ ಮುನ್ನ ಎರಡು ಪ್ರಶ್ನೆ ಕೇಳಿ: ಆರ್.ಸಿ. ಯಾರ ಹೆಸರಿನಲ್ಲಿದೆ? ಬ್ರೇಕು ಹಿಡಿಯುತ್ತದೆಯೇ? ಎರಡಕ್ಕೂ ನೇರ ಉತ್ತರ ಬಂದರೆ, ಒಂದು ಒಳ್ಳೆಯ ಹೆಲ್ಮೆಟ್ಟನ್ನು ನೀವೇ ಕೊಡಿಸಿ ಹರಸಿ ಕಳುಹಿಸಿರಿ. ಹಿಂದೆ ಕೂರುವವರಿಗೂ ಒಂದಿರಲಿ.