ಮರಣವಿಚಾರಣೆಯಲ್ಲಿ ಬಣ್ಣದ ಪ್ರಶ್ನೆ

ಇಂಗ್ಲೆಂಡಿನಲ್ಲಿ ಯಾರಾದರೂ ಅಸಹಜವಾಗಿ ಸತ್ತರೆ ಆ ಸಾವಿನ ವಿಚಾರಣೆ ನಡೆಸುವ ಅಧಿಕಾರಿಯನ್ನು ಕರೋನರ್ ಎನ್ನುತ್ತಾರೆ. ಕಿರೀಟವೆಂಬ ಅರ್ಥದ ಮಾತಿನಿಂದ ಹುಟ್ಟಿದ ಈ ಹುದ್ದೆ 1194ರಷ್ಟು ಹಳೆಯದು. ಆಗ ಅದರ ಕಣ್ಣೆಲ್ಲ ಅರಸನ ಬೊಕ್ಕಸದ ಮೇಲಿತ್ತೆನ್ನಿ. ಈಗ ಅದು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ: ಸತ್ತವರು ಯಾರು, ಎಲ್ಲಿ, ಯಾವಾಗ, ಹೇಗೆ? ಅಪರಾಧಿ ಇಂಥವನೇ ಎಂದು ಹೆಸರಿಡಿದು ನಿರ್ಣಯಿಸುವ ಅಧಿಕಾರ ಅದಕ್ಕಿಲ್ಲ. ಆದರೂ ಇದು ನಮ್ಮ ಪೊಲೀಸರ ಶವಪಂಚನಾಮೆಗಿಂತ ವಿಸ್ತಾರವಾದದ್ದು. ಬಹಿರಂಗ ಸಾಕ್ಷ್ಯವುಂಟು, ಕೆಲವೊಮ್ಮೆ ಜ್ಯೂರಿಯೂ ಉಂಟು.

ಮೊದಲ ಮೂರು ಪ್ರಶ್ನೆಗಳಲ್ಲಿ ತೊಡಕು ಕಡಿಮೆ. ತೊಡಕೆಲ್ಲ ‘ಹೇಗೆ’ ಎಂಬುದರಲ್ಲಿದೆ. ಇರಿತದಿಂದ ರಕ್ತ ಸೋರಿ ಸತ್ತನೆಂದರೆ ವೈದ್ಯಶಾಸ್ತ್ರಕ್ಕೆ ಅಷ್ಟೇ ಸಾಕು. ಇರಿದವರು ಅವನ ಮೈಬಣ್ಣವನ್ನು ಕಂಡೇ ಇರಿದಿದ್ದರೆ ಅದು ‘ಹೇಗೆ’ ಎಂಬುದರ ಒಳಗೆ ಬರುವುದೋ ಹೊರಗೆ ಉಳಿಯುವುದೋ?

1993ರ ಏಪ್ರಿಲ್ 22ರ ರಾತ್ರಿ, ಆಗ್ನೇಯ ಲಂಡನ್ನಿನ ಎಲ್ಥಮ್‌ನಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪುವರ್ಣದ ವಿದ್ಯಾರ್ಥಿಯನ್ನು ಬಿಳಿಯ ತರುಣರು ಇರಿದು ಕೊಂದರು. ಶಂಕಿತರ ಹೆಸರುಗಳು ಬೇಗನೆ ಪೊಲೀಸರ ಕಿವಿಗೆ ಬಿದ್ದರೂ ಮೊದಲ ಬಂಧನಕ್ಕೆ ಎರಡು ವಾರ ಹಿಡಿಯಿತು. ಜೊತೆಗಿದ್ದ ಗೆಳೆಯ ತಾನೂ ಹಲ್ಲೆಗೆ ಗುರಿಯಾದವನೆಂಬುದು ಅವರಿಗೆ ಹೊಳೆಯಲಿಲ್ಲ. ಇದು ವರ್ಣದ್ವೇಷದ ಕೊಲೆಯೆಂದು ಪೂರ್ತಿಯಾಗಿ ಒಪ್ಪಲು ಕೆಲವು ಅಧಿಕಾರಿಗಳಿಗೆ ಮನಸ್ಸೂ ಬರಲಿಲ್ಲ.

1997ರ ಫೆಬ್ರವರಿಯಲ್ಲಿ ಕರೋನರರ ಮುಂದೆ ನಿಂತ ಐವರು ಶಂಕಿತರು ಪ್ರಶ್ನೆಗಳಿಗೆ ಉತ್ತರಿಸಲು ನಿರಾಕರಿಸಿದರು. ಜ್ಯೂರಿಯಾದರೋ ಕಾನೂನುಬಾಹಿರ ಕೊಲೆ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಯಾವ ಕೆಣಕೂ ಇಲ್ಲದೆ ಐವರು ಬಿಳಿಯ ತರುಣರು ನಡೆಸಿದ ವರ್ಣದ್ವೇಷದ ಹಲ್ಲೆ ಎಂದು ಸೇರಿಸಿತು. ಹೆಸರು ಹೇಳುವಂತಿರಲಿಲ್ಲ, ಕಾರಣವನ್ನು ಹೇಳಿತು. ಆ ಒಂದು ವಾಕ್ಯಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

1999ರಲ್ಲಿ ಹೊರಬಂದ ಮ್ಯಾಕ್‌ಫರ್ಸನ್ ವರದಿ ಪೊಲೀಸ್ ತನಿಖೆಯನ್ನೇ ತನಿಖೆಗೊಳಪಡಿಸಿ, ಅದರಲ್ಲಿ ಸಂಸ್ಥಾಗತ ವರ್ಣಭೇದವನ್ನು ಕಂಡಿತು. ಯಾರೊಬ್ಬರ ಎದೆಯಲ್ಲೂ ಹಗೆ ಇರಲೇಬೇಕೆಂದಿಲ್ಲ. ಅರಿವಿಲ್ಲದ ಪೂರ್ವಗ್ರಹವೂ ರೂಢಿಯ ಅಲಕ್ಷ್ಯವೂ ಕೂಡಿದರೆ ಕೇಳಬೇಕಾದ ಪ್ರಶ್ನೆಯನ್ನು ಇಡೀ ಇಲಾಖೆಯೇ ಕೇಳದೆ ಹೋಗಬಹುದು. ವರದಿಯ 70 ಶಿಫಾರಸುಗಳ ನಡುವೆ ಎರಡು ಮರಣವಿಚಾರಣೆಗೆ ಸಂಬಂಧಿಸಿದವು: ಸಾಕ್ಷ್ಯದ ಕಾಗದಪತ್ರಗಳನ್ನು ವಿಚಾರಣೆಯಲ್ಲಿ ಪಾಲ್ಗೊಳ್ಳುವವರಿಗೆ ಮುಂಚಿತವಾಗಿಯೇ ಕೊಡಬೇಕು, ತಕ್ಕ ಪ್ರಸಂಗಗಳಲ್ಲಿ ಸತ್ತವರ ಮನೆಯವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಒದಗಿಸುವುದನ್ನು ಪರಿಶೀಲಿಸಬೇಕು.

ಕೊಲೆಗಾಗಿ ಇಬ್ಬರಿಗೆ ಶಿಕ್ಷೆಯಾದದ್ದು 2012ರಲ್ಲಿ.